ಮೂರನೆಯ ನಲ್ಲಿ

ಜನವರಿ 9, ಗುರುವಾರ

ಇಂದೂ ಜನ. ಇಂದೂ ಕೇಕ್. ಫ್ರೀಜರ್ ತುಂಬಿ, ಕೇಕುಗಳೆಲ್ಲ ಈಗ ಜಗಲಿಯ ಹಿಮದಲ್ಲಿ ಸಾಲಾಗಿ ಕೂತಿವೆ.

ಸಾಯುತ್ತಿರುವ ಮನುಷ್ಯನ ಮೇಲೆ ಈ ಕಣಿವೆಯ ಜನರಿಗಿರುವ ಪ್ರೀತಿಯೆಲ್ಲ ಬೆಣ್ಣೆ, ಸಕ್ಕರೆ, ಮೊಟ್ಟೆಯ ರೂಪದಲ್ಲೇ ಬರುತ್ತದೆ. ಆ ಮನುಷ್ಯನಿಗೆ ನಾಲ್ಕು ಚಮಚ ಸೂಪು ಇಳಿದರೆ ಹೆಚ್ಚು ಎಂಬುದು ಯಾರ ತಲೆಗೂ ಹೋದಂತಿಲ್ಲ. ಕೇಕ್ ತಿನ್ನುವವಳು ನಾನು. ನನ್ನ ಗಂಡ ಹಲ್ವಾರ್ಡ್ ಇಳಿಯುತ್ತಿದ್ದಾನೆ, ನಾನು ಏರುತ್ತಿದ್ದೇನೆ. ಮನೆಯ ಒಟ್ಟು ತೂಕ ಇದ್ದಷ್ಟೇ ಇದೆ.

ತಂದವರು ಒಣ ಬಾಯಲ್ಲಿ ಹೋಗುವ ಪದ್ಧತಿ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಮೂರು ನಲ್ಲಿ — ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ಮೂರನೆಯದರಲ್ಲಿ ಬಿಯರ್. ಹಲ್ವಾರ್ಡ್ ಫೆರಿಯಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ನೆಲಮಾಳಿಗೆಯಿಂದ ಗೋಡೆ ಕೊರೆದು ಪೈಪ್ ಎಳೆದದ್ದು. ಬಿಸಿನೀರಿನ ನಲ್ಲಿ ವರ್ಷಗಟ್ಟಲೆ ಸೋರುತ್ತಿದೆ. ಮೂರನೆಯದು ಒಂದು ಹನಿ ಸೋರಿಲ್ಲ.

ಬಂದವರು ಲೋಟ ಹಿಡಿದು ನೇರ ಅಲ್ಲಿಗೆ. ಆಮೇಲೆ ಮಂಚದ ಪಕ್ಕ. ಮೊದಲ ಲೋಟಕ್ಕೆ, "ನೀನೆಂಥಾ ಮನುಷ್ಯ ಮಾರಾಯ!" ಎರಡನೆಯದಕ್ಕೆ ಅಳು. ಮೂರನೆಯದಕ್ಕೆ ಹಾಡು. ಹಲ್ವಾರ್ಡ್ ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ. ತನ್ನ ಗುಣಗಾನವನ್ನು ತಾನೇ ಕೇಳುವ ಭಾಗ್ಯ ಎಷ್ಟು ಜನಕ್ಕುಂಟು.

ಅವರು ಹೋದ ಮೇಲೆ ನೆಲಮಾಳಿಗೆಗೆ ಇಳಿದು ಪೀಪಾಯಿಗಳನ್ನು ಅಲುಗಿಸಿದೆ. ಮೂರು ಖಾಲಿ. ನಾಲ್ಕನೆಯದು ಚಳಕ್ ಅಂತು. ತುಂಬಿದ ಪೀಪಾಯಿ ಚಳಕ್ ಅನ್ನುವುದಿಲ್ಲ.

ಈ ಬಿಯರ್ ಈಗ ಕುಡಿಯಲು ಮಾಡಿದ್ದೇ ಅಲ್ಲ. ಇದು ಹಲ್ವಾರ್ಡ್‌ನ ಮಣ್ಣಿನ ಬಿಯರ್. ಅವನನ್ನು ಮಣ್ಣು ಮಾಡಿ ಬಂದವರಿಗೆ ಕೊಡಬೇಕಾದದ್ದು.

ಜನವರಿ 11, ಶನಿವಾರ

ಹಲ್ವಾರ್ಡ್‌ಗೆ ಹೇಳಿಬಿಟ್ಟೆ.

ಅವನದೂ ತಪ್ಪಿಲ್ಲ. ಬೇಸಿಗೆ ಮುಗಿಯುವಾಗ ಡಾಕ್ಟರು, ಹಿಮ ಬೀಳುವುದನ್ನು ನೋಡುವುದು ಕಷ್ಟ, ಎಂದರು. ಬೇರೆಯವರಾಗಿದ್ದರೆ ಉಯಿಲು ಬರೆಯುತ್ತಿದ್ದರು. ಇವನು ಹಿತ್ತಲ ಬಿಯರ್ ಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಎರಡು ದಿನ ನರಳುತ್ತ, ನಾಲ್ಕು ಪೀಪಾಯಿ ಬಿಯರ್ ಮಾಡಿದ. "ನನ್ನ ಸಾವಿಗೆ ಇನ್ನೊಬ್ಬರ ಕೈ ಬಿಯರ್ ಬೇಡ" ಎಂದ. ಇಲ್ಲಿ ಪಾದ್ರಿ ಏನು ಹೇಳಿದರೆಂದು ಯಾರಿಗೂ ನೆನಪಿರುವುದಿಲ್ಲ. ಬಿಯರ್ ಹೇಗಿತ್ತು ಎಂಬುದು ಮೊಮ್ಮಕ್ಕಳವರೆಗೂ ಹೋಗುತ್ತದೆ. ಕೆಳಗಿನ ಮನೆಯ ಮುದುಕನ ಸಾವಿಗೆ ಅವನ ಮಕ್ಕಳು ಸೂಪರ್‌ಮಾರ್ಕೆಟ್ಟಿನ ಕ್ಯಾನ್ ಬಿಯರ್ ಕೊಟ್ಟಿದ್ದರು. ಆ ಮುದುಕ ಎರಡು ಜೀವ ಉಳಿಸಿದವನು, ಫ್ಯೋರ್ಡಿನ ಕೊರೆಯುವ ನೀರಿಗೆ ಹಾರಿ. ಈಗ ಅವನ ಹೆಸರೆತ್ತಿದರೆ ಜನಕ್ಕೆ ನೆನಪಾಗುವುದು ಕ್ಯಾನು.

ಹಿಮ ಬಿತ್ತು. ಹಲ್ವಾರ್ಡ್ ನೋಡಿದ. ಕ್ರಿಸ್‌ಮಸ್ ಬಂತು, ಅದನ್ನೂ ನೋಡಿದ. ಡಾಕ್ಟರ ಲೆಕ್ಕದಂತೆ ನಡೆಯುತ್ತಿರುವುದು ಬಿಯರ್ ಒಂದೇ.

"ಹಲ್ವಾರ್ಡ್, ಬಿಯರ್ ಮುಗೀತಾ ಬಂತು."

"ಎಷ್ಟಿದೆ?"

"ಕೊನೇ ಪೀಪಾಯಿ. ಅದೂ ಚಳಕ್ ಅಂತಿದೆ."

"ಹಾಗಾದ್ರೆ ನಾನು ಬೇಗ ಬೇಗ ಮಾಡ್ಬೇಕು."

"ನಿಧಾನಕ್ಕೇ ಮಾಡು. ನಿನ್ನ ಜೀವಮಾನದಲ್ಲಿ ಯಾವ ಕೆಲ್ಸ ಹೇಳಿದ ಟೈಮಿಗೆ ಮುಗಿಸಿದೀಯ?"

ನಕ್ಕ. ನಕ್ಕದ್ದು ಹೊಟ್ಟೆಗೆ ಹಿಡಿಯಿತು. ಮಾತ್ರೆ ಕೊಟ್ಟೆ.

"ನಲ್ಲಿ ಕೆಟ್ಟಿದೆ ಅಂತ ಚೀಟಿ ಅಂಟಿಸ್ತೀನಿ. ಬಂದೋರಿಗೆ ಕಾಫಿ ಸಾಕು."

ಅದಕ್ಕೆ ಮಾತ್ರ ತಲೆ ಎತ್ತಿದ. ಎರಡು ವಾರದಿಂದ ಎತ್ತದ ತಲೆ. "ಸಾಯೋ ಮನೇಲಿ ಜನ ಬಾಯಿ ಒಣಗಿಸ್ಕೊಂಡು ಹೋದ್ರು ಅನ್ನಿಸ್ತೀಯಾ? ಆ ನಲ್ಲಿ ನಾನು ಹಾಕಿದ್ದು ಕಣೇ. ಅದು ಕೆಡಲ್ಲ."

ಚೀಟಿ ಅಂಟಿಸಲಿಲ್ಲ. ಮಧ್ಯಾಹ್ನ ಫೆರಿಯ ಹಳೆಯ ಗೆಳೆಯರು ಬಂದರು. ಹಾಡುವ ಹಂತದವರೆಗೂ ಕೂತರು.

ಜನವರಿ 14, ಮಂಗಳವಾರ

ಬೋರ್ಗಿಲ್ ಬಂದಿದ್ದಳು. ಮುನಿಸಿಪಾಲಿಟಿಯ ನರ್ಸು. ಹಲ್ವಾರ್ಡ್‌ನನ್ನು ಹೊರಳಿಸಿ ಬೆನ್ನು ಒರೆಸುತ್ತ, "ಬಿಯರ್ ಮುಗೀತಿದ್ರೆ ಅದಕ್ಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ ಗುನ್‌ವೋರ್? ಇನ್ನೊಂದ್ಸಲ ಮಾಡಿದ್ರಾಯ್ತು. ಎರಡು ದಿನದ ಕೆಲ್ಸ" ಎಂದಳು. ಹೊರಗಿನೂರಿನವಳಾದರೂ ಬುದ್ಧಿ ಇದೆ.

ನಿಜ. ಮಾಲ್ಟ್ — ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ — ಇದೆ, ಸೌದೆ ಇದೆ, ಘಮಕ್ಕೆ ಹಾಕುವ ಜುನಿಪರ್ ಸೊಪ್ಪು ಹಿತ್ತಲಲ್ಲೇ ಇದೆ. ಹೆಪ್ಪು ಬೇಕು — ಯೀಸ್ಟ್. ಅವನು ಬಿಳಿ ಡಬ್ಬಿಯಲ್ಲಿ ಒಣಗಿಸಿಟ್ಟಿರುತ್ತಾನೆ, ಮರದ ತೊಗಟೆಯ ಚೂರಿನಂಥದ್ದು. ಫ್ರೀಜರಿನ ತಳದವರೆಗೂ ಕೇಕ್ ತೆಗೆದು ಹುಡುಕಿದೆ. ಡಬ್ಬಿ ಸಿಕ್ಕಿತು. ತೊಳೆದು, ಒರೆಸಿ, ಬೋರಲು ಹಾಕಿದ ಡಬ್ಬಿ.

"ಹೆಪ್ಪು ಎಲ್ಲಿ?"

ಕಣ್ಣು ಮುಚ್ಚಿದ. ನಿದ್ದೆಯ ನಾಟಕ. ಇಷ್ಟು ವರ್ಷ ಬಾಳಿದ ಮೇಲೆ ನಿದ್ದೆ ಯಾವುದು, ನಾಟಕ ಯಾವುದು ಎಂದು ನನಗೆ ತಿಳಿಯದೇ?

"ಹಲ್ವಾರ್ಡ್."

"ಕೊನೇದು ಅಂದ್ಕೊಂಡೆ. ಇದ್ದಿದ್ದೆಲ್ಲ ಹಾಕ್ದೆ."

"ಸರಿ. ಮೇಲೆ ಬಂದಿದ್ದು? ತೆಗೆದು ಒಣಗಿಸ್ಲಿಲ್ವಾ?"

"ಇಲ್ಲ."

"ಏನ್ಮಾಡ್ದೆ?"

"ಗೊಬ್ಬರದ ಗುಂಡಿಗೆ ಹಾಕ್ದೆ."

ಬೋರ್ಗಿಲ್‌ಗೆ ಅರ್ಥವಾಗಲಿಲ್ಲ. ನಾನು ಕುರ್ಚಿಯಲ್ಲಿ ಕೂತೆ. ಬಿಯರ್ ಹುದುಗಿದಾಗ ಮೇಲೆ ಕೆನೆಯಂತೆ ಹೆಪ್ಪು ಬರುತ್ತದೆ. ಅದನ್ನು ತೆಗೆದು ಮುಂದಿನ ಸಲಕ್ಕೆ ಇಡಬೇಕು. ಇವನ ಅಮ್ಮ ತೆಗೆದಿಟ್ಟಿದ್ದರು, ಅವರ ಅತ್ತೆ ತೆಗೆದಿಟ್ಟಿದ್ದರು, ಅದಕ್ಕೂ ಹಿಂದಿನವರ ಹೆಸರು ಚರ್ಚಿನ ದಾಖಲೆಯಲ್ಲೂ ಇಲ್ಲ. ಜರ್ಮನರು ದೇಶ ಹಿಡಿದಿದ್ದ ಯುದ್ಧದ ವರ್ಷಗಳಲ್ಲಿ ಬಾರ್ಲಿ ಸಿಗದೆ ಬಿಯರ್ ಮಾಡುವುದು ನಿಂತರೂ ಹೆಪ್ಪು ನಿಲ್ಲಲಿಲ್ಲ. ಜರ್ಮನರಿಂದ ಉಳಿಸಿಕೊಂಡದ್ದನ್ನು ನನ್ನ ಗಂಡ ಗೊಬ್ಬರದ ಗುಂಡಿಗೆ ಹಾಕಿದ್ದಾನೆ.

"ಯಾಕೆ?"

"ಇನ್ನು ಯಾರಿಗೆ ಅಂತ."

"ನಾನಿರ್ಲಿಲ್ವಾ?"

"ನಿನಗೆ ಬಿಯರ್ ಮಾಡೋಕ್ಕೆ ಬರಲ್ವಲ್ಲ."

"ಕುಡಿಯೋಕ್ಕೆ ಬರುತ್ತಲ್ಲ!"

ಗಂಡ ಸಾಯುತ್ತಾನೆ ಎಂಬುದನ್ನು ಹೇಗೋ ಸಹಿಸಿಕೊಂಡಿದ್ದೆ. ಅವನ ಜೊತೆಗೆ ಮನೆಯೂ ಮುಗಿಯುತ್ತದೆ, ನಾನು ಲೆಕ್ಕಕ್ಕಿಲ್ಲ ಎಂದು ಅವನು ತೀರ್ಮಾನ ಮಾಡಿದ್ದಾನಲ್ಲ… ಇದನ್ನು ಸಹಿಸುವುದು ಹೇಗೋ ತಿಳಿಯುತ್ತಿಲ್ಲ.



ಜನವರಿ 15, ಬುಧವಾರ

ಹೆಪ್ಪು ಇರುವುದು ಇನ್ನೊಂದೇ ಕಡೆ. ಮೇಲಿನ ಮನೆಯಲ್ಲಿ, ಸ್ವೆಯ್ನುಂಗ್ ಹತ್ತಿರ.

ಸ್ವೆಯ್ನುಂಗ್ ಎಂದರೆ ಹಲ್ವಾರ್ಡ್‌ನ ಖಾಸಾ ತಮ್ಮ. ಕೂಗಿದರೆ ಕೇಳಿಸುವಷ್ಟು ದೂರ. ಎಷ್ಟೋ ವರ್ಷದಿಂದ ಯಾರೂ ಕೂಗಿಲ್ಲ. ಓಸ್ಲೋದಿಂದ ಬಿಯರ್ ಮಾಡುವ ಗಡ್ಡದ ಹುಡುಗರು ಬಂದು, ನಿಮ್ಮ ಹೆಪ್ಪು ಸ್ವಲ್ಪ ಕೊಡಿ, ಪರೀಕ್ಷೆ ಮಾಡುತ್ತೇವೆ ಎಂದಿದ್ದರು. ಹಲ್ವಾರ್ಡ್ ಗೇಟಿನಲ್ಲೇ ತಿರುಗಿಸಿ ಕಳಿಸಿದ. ಅವರು ಮೇಲಿನ ಮನೆಗೆ ಹೋದರು. ಸ್ವೆಯ್ನುಂಗ್ ಕೊಟ್ಟ. ಅವನಿಗೆ ಪ್ರತಿಯಾಗಿ ಸಿಕ್ಕಿದ್ದು ಒಂದು ಟೀ ಶರ್ಟ್. ಈಗ ಆ ಹೆಪ್ಪು ಬೆಳ್ಳಿ ಬಣ್ಣದ ಪ್ಯಾಕೆಟ್ಟಿನಲ್ಲಿ ಪೇಟೆಯ ಅಂಗಡಿಯಲ್ಲಿ ಸಿಗುತ್ತದೆ. ಮೇಲೆ ನಮ್ಮ ಕಣಿವೆಯ ಹೆಸರು, ನಮ್ಮದಲ್ಲದ ಬೆಟ್ಟದ ಚಿತ್ರ.

"ಅಜ್ಜಿಯನ್ನ ಮಾರಿದ" ಎಂದ ಹಲ್ವಾರ್ಡ್. ಅಂದೇ ಕೊನೆ.

ಬೆಳಿಗ್ಗೆ ಮೆಲ್ಲಗೆ ಕೇಳಿದೆ, ಪೇಟೆಯ ಪ್ಯಾಕೆಟ್ ತರಲಾ ಎಂದು.

"ಅದಕ್ಕಿಂತ ಕಾಫಿ ಕೊಡು."

"ಸ್ವೆಯ್ನುಂಗ್‌ನ ಕೇಳ್ಲಾ?"

"ಅದಕ್ಕಿಂತ ಪ್ಯಾಕೆಟ್ ತಾ."

ಜನವರಿ 17, ಶುಕ್ರವಾರ

ಕೇಳಲು ಹೋದೆ. ಹೇಳದೆ ಹೋದೆ. ಅಂಗಡಿಯ ಚೀಲ ತೂಗಿಸಿಕೊಂಡು ಏರುದಾರಿ ಹಿಡಿದವಳನ್ನು ಬೋರ್ಗಿಲ್ ಕಿಟಕಿಯಿಂದ ನೋಡಿದಳು, ಬಾಯಿ ಬಿಡಲಿಲ್ಲ.

ಸ್ವೆಯ್ನುಂಗ್ ಬಾಗಿಲಲ್ಲೇ ನಿಂತ. ಹಲ್ವಾರ್ಡ್‌ನ ಮುಖವೇ, ಮಾಂಸ ಇರುವಂಥದ್ದು. ನೋಡಲು ಕಷ್ಟವಾಯಿತು.

"ಹೇಗಿದಾನೆ?"

"ಇದಾನೆ."

"ಹೂಂ."

"ಹೆಪ್ಪು ಬೇಕಿತ್ತು ಸ್ವೆಯ್ನುಂಗ್. ನಮ್ಮನೇದು ಮುಗೀತು."

"ನಿಮ್ಮನೇದು ಮುಗೀತಾ? ಅದು ಹ್ಯಾಗೆ ಮುಗಿಯುತ್ತೆ?"

ಗೊಬ್ಬರದ ಗುಂಡಿಯ ಕಥೆ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅವನೇ ಕಳಿಸಿದ್ನಾ ನಿನ್ನ?"

ಹೂಂ ಎಂದುಬಿಡಬಹುದಿತ್ತು. ಅವನ ಅಣ್ಣನ ಜೊತೆ ಬಾಳಿ ಬಾಳಿ ಸುಳ್ಳು ಹೇಳುವ ಅಭ್ಯಾಸ ತಪ್ಪಿಹೋಗಿದೆ.

"ಇಲ್ಲ."

"ಹೆಪ್ಪು ಕೇಳಿದೋರಿಗೆ ನಾನು ಇಲ್ಲ ಅಂದಿಲ್ಲ ಗುನ್‌ವೋರ್. ಓಸ್ಲೋದೋರು ಕೇಳಿದ್ರು, ಕೊಟ್ಟೆ. ಅದಕ್ಕೇ ಅಲ್ವಾ ನಾನು ಕೆಟ್ಟೋನಾಗಿದ್ದು? ಇದೊಂದ್ಸಲ ಅವನು ಕೇಳ್ಲಿ. ಒಂದೇ ಒಂದ್ಮಾತು."

"ಅವನು ಸಾಯ್ತಿದಾನೆ ಕಣೋ."

"ಅದಕ್ಕೇ ಹೇಳಿದ್ದು, ಬೇಗ ಕೇಳ್ಲಿ ಅಂತ."

ಅಣ್ಣತಮ್ಮ ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಆ ತಾಯಿ ಅಚ್ಚನ್ನು ಒಡೆದು ಹಾಕಿದ್ದು ಲೋಕಕ್ಕೆ ಮಾಡಿದ ಉಪಕಾರ.

ಜನವರಿ 22, ಬುಧವಾರ

ಬರೆಯಲು ಆಗಿರಲಿಲ್ಲ. ನೋವಿನ ಔಷಧಿ ಈಗ ಸೂಜಿಯ ಪಂಪಿನಲ್ಲಿ. ಹೆಚ್ಚು ಹೊತ್ತು ನಿದ್ದೆ, ನಿಜವಾದದ್ದೇ.

ಇಂದು ನಮ್ಮ ಚರ್ಚಿನ ಪಾದ್ರಿಯಮ್ಮ ಬಂದರು. ಮೂರನೆಯ ನಲ್ಲಿ ತಿರುಗಿಸಿದೆ. ಒಮ್ಮೆ ಕೆಮ್ಮಿತು. ಅರ್ಧ ಲೋಟ ನೊರೆ ಕಾರಿತು. ಪಾದ್ರಿಯಮ್ಮನ ಸ್ವೆಟರಿನ ಮೇಲೆ ಉಗುಳಿತು. ಆಮೇಲೆ ಹುಸ್ಸ್… ಬರೀ ಗಾಳಿ.

ಕೋಣೆಯ ಬಾಗಿಲು ತೆರೆದೇ ಇತ್ತು.

"ಅದೇನಾ?" ಒಳಗಿನಿಂದ.

"ಅದೇ."

"ಕೊನೇ ಲೋಟ ಯಾರಿಗೆ?"

"ಪಾದ್ರಿಯಮ್ಮನಿಗೆ."

"ಆಯಮ್ಮ ಕುಡಿಯೋದೇ ಇಲ್ವಲ್ಲೇ."

ಹೌದು, ಕುಡಿಯುವುದಿಲ್ಲ. ಬೇಡ ಎಂದರೆ ಬೇಜಾರಾದೀತೆಂದು ಲೋಟ ಹಿಡಿದು ನಿಂತಿದ್ದರು. ಮುಖ ಬೀಟ್‌ರೂಟಿನ ಹಾಗೆ. ಅವರ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದೆ. ಬಾಯಿ ಒದ್ದೆ ಮಾಡುವ ಸ್ಪಂಜಿನ ಕಡ್ಡಿ ಇದೆಯಲ್ಲ, ಅದನ್ನು ಅದ್ದಿ ಅವನ ತುಟಿಗೆ ಒತ್ತಿದೆ. ಚೀಪಿದ. ಮತ್ತೆ ಅದ್ದಿದೆ, ಮತ್ತೆ ಚೀಪಿದ. ಪಾದ್ರಿಯಮ್ಮ ಬಾಗಿಲಲ್ಲಿ ನಿಂತು ಏನೋ ಪ್ರಾರ್ಥನೆ ಶುರು ಮಾಡಿದರು. ಇದಕ್ಕೆ ಯಾವ ಪ್ರಾರ್ಥನೆ ಹೊಂದುತ್ತದೆ ಎಂದು ಅವರಿಗೂ ಗೊತ್ತಿದ್ದಂತಿರಲಿಲ್ಲ.

ಜನವರಿ 23, ಗುರುವಾರ

ಎದ್ದವನೇ, "ಫೋನ್ ಕೊಡು" ಎಂದ. ಅವನ ಕಿವಿಗೆ ಹಿಡಿದವಳು ನಾನು, ಆದ್ದರಿಂದ ಎರಡೂ ಕಡೆ ಕೇಳಿಸಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ನಾನು."

"ಗೊತ್ತಾಯ್ತು."

"ನಿನ್ನ ಕಡೆ ಚಳಿ ಎಷ್ಟು?"

"ಮೈನಸ್ ಹನ್ನೊಂದು."

"ಇಲ್ಲಿ ಹನ್ನೆರಡು."

"ನಿನ್ನ ಥರ್ಮಾಮೀಟರ್ ಯಾವತ್ತು ಸರಿ ಇತ್ತು?"

ಉಸಿರು ಎಳೆದುಕೊಳ್ಳಲು ಹಲ್ವಾರ್ಡ್‌ಗೆ ಹೊತ್ತು ಹಿಡಿಯಿತು. ಆಚೆ ಕಡೆಯವನು ಕಾದ.

"ಹೆಪ್ಪು ಇದೆಯೇನೋ?"

"ಇದೆ."

ಅಷ್ಟೇ. ಫೋನ್ ಇಟ್ಟರು. ಕ್ಷಮೆ, ಕಣ್ಣೀರು ಏನೂ ಇಲ್ಲ. ಹನ್ನೊಂದೋ ಹನ್ನೆರಡೋ ಎಂಬುದೂ ಇತ್ಯರ್ಥವಾಗಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಸೋರುವ ನಲ್ಲಿಯ ಮುಂದೆ ನಿಂತು, ಅದರ ಜೊತೆಗೆ ನಾನೂ ಸ್ವಲ್ಪ ಸೋರಿದೆ.

ಜನವರಿ 25, ಶನಿವಾರ, ಸಂಜೆ

ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಸ್ವೆಯ್ನುಂಗ್ ಮುಂಜಾನೆಯೇ ಬಂದ. ಹೆಪ್ಪಿನ ಚೂರುಗಳನ್ನು ಮಾಲ್ಟಿನ ಸಿಹಿನೀರಿನ ಬಾಟಲಿಯಲ್ಲಿ ನೆನೆಸಿ, ಅಂಗಿಯೊಳಗೆ ಎದೆಗೆ ಒತ್ತಿಕೊಂಡು ತಂದಿದ್ದ. ಹಾಲು ಕುಡಿಸುವ ತಾಯಿಯ ಹಾಗೆ. ನೇರ ಹಿತ್ತಲ ಬಿಯರ್ ಮನೆಗೆ ಹೋದ.

"ಒಳಗೆ ಬಾ. ಎಚ್ಚರ ಇದಾನೆ."

"ಬರಿಗೈಲಿ ಹ್ಯಾಗೆ ಬರೋದು? ಬಿಯರ್ ಆಗ್ಲಿ. ಲೋಟ ಹಿಡ್ಕೊಂಡೇ ಬರ್ತೀನಿ."

"ಎರಡು ದಿನ ಆಗುತ್ತಲ್ಲೋ."

"ಇಷ್ಟು ವರ್ಷ ಕಾದಿಲ್ವಾ?"

ನಾನು ಒತ್ತಾಯ ಮಾಡಲಿಲ್ಲ. ಗಂಡಸರ ಮರ್ಯಾದೆಯ ವಿಷಯ. ಅದಕ್ಕೆ ಕೈ ಹಾಕಿದರೆ ಸುಡುತ್ತದೆ.

ಇಡೀ ದಿನ ಹಿಮದಲ್ಲಿ ಆಚೆ ಈಚೆ ಓಡಿದೆ. ಇವನು ಮಂಚದಿಂದ, "ಅವನಿಗೆ ಹೇಳು, ಸೊಪ್ಪು ಜಾಸ್ತಿ ಹಾಕ್ಬೇಡ ಅಂತ." ಅವನು ಕೊಪ್ಪರಿಗೆಯ ಆವಿಯೊಳಗಿಂದ, "ಅಮ್ಮನ ಹತ್ರ ಕಲಿತಿದ್ದು ಅವನೊಬ್ನೇ ಅಲ್ಲ ಅಂತ ಹೇಳು." ನಾನು ಇವನಿಗೆ ಬಂದು ಹೇಳಿದ್ದು: "ಆಗ್ಲಿ ಅಂದ." ಅವನಿಗೆ ಹೋಗಿ ಹೇಳಿದ್ದು: "ಸೊಪ್ಪಿನ ವಾಸನೆ ಚೆನ್ನಾಗಿದೆ ಅಂದ." ಸುಳ್ಳಿನ ಅಭ್ಯಾಸ ಒಂದೇ ದಿನದಲ್ಲಿ ಮರಳಿ ಬಂತು.

ಹೊತ್ತು ಮುಳುಗುವಾಗ ಮಾಲ್ಟಿನಿಂದ ಬಸಿದ ಸಿಹಿನೀರು ಆರಿತು. ಮಗುವಿನ ಸ್ನಾನದ ನೀರು ನೋಡುವ ಹಾಗೆ ಸ್ವೆಯ್ನುಂಗ್ ಮೊಣಕೈ ಅದ್ದಿ ನೋಡಿ, ಸರಿಯಾಗಿದೆ ಎಂದ. ಬಾಟಲಿ ತೆಗೆದ. ಹೆಪ್ಪು ಹಾಕುವಾಗ ಪಾತ್ರೆಯೊಳಗೆ ಬಗ್ಗಿ ಕೂಗಬೇಕು. ಕೂಗು ಎಷ್ಟು ಜೋರೋ ಬಿಯರ್ ಅಷ್ಟು ಗಟ್ಟಿ. ಯಾಕೆ ಎಂದು ಕೇಳುವವರು ಪೇಟೆಯವರು.

"ನೀನು ಕೂಗು" ಎಂದ. "ನಿಮ್ಮನೆ ಬಿಯರ್ ಇದು."

"ನಾನಾ? ಜೀವಮಾನ ಇಡೀ ಲೈಬ್ರರಿಯಲ್ಲಿ ಕೂತು ಜನಕ್ಕೆ ಶ್… ಅಂದೋಳು ನಾನು."

"ಹಾಗಾದ್ರೆ ಇಷ್ಟು ವರ್ಷದ್ದು ಒಳಗೇ ಉಳ್ಕೊಂಡಿರ್ಬೇಕು. ಕೂಗು."

ಬಗ್ಗಿದೆ. ಬಾಯಿ ತೆರೆದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಬಂತು. ಎಲ್ಲಿತ್ತೋ. ಆ ಡಾಕ್ಟರು, ಆ ಪಂಪು, ಆ ಕೇಕುಗಳು, ಗೊಬ್ಬರದ ಗುಂಡಿ, ಇನ್ನು ಯಾರಿಗೆ ಅಂದದ್ದು — ಎಲ್ಲ ಬಂತು. ನಿಲ್ಲಿಸುವುದು ಹೇಗೆಂದೇ ತಿಳಿಯಲಿಲ್ಲ. ಸೂರಿನ ಹಿಮ ಜಾರಿ ದೊಪ್ಪನೆ ಬಿತ್ತು. ಸ್ವೆಯ್ನುಂಗ್ ಎರಡು ಹೆಜ್ಜೆ ಹಿಂದೆ ಸರಿದಿದ್ದ.

"ಮಾರಾಯ್ತಿ," ಎಂದ ಕೊನೆಗೆ, "ಇದು ತುಂಬಾ ಗಟ್ಟಿ ಬಿಯರ್ ಆಗುತ್ತೆ."

ಅವನೂ ಬಗ್ಗಿ ಒಂದು ಕೂಗು ಹಾಕಿದ. ಆಗ ಮನೆಯ ಕಡೆಯಿಂದ ಒಂದು ಸದ್ದು. ತೆಳ್ಳಗೆ, ಒಡೆದದ್ದು.

"ಏನದು?"

"ಅವನು. ಬೋರ್ಗಿಲ್ ಕಿಟಕಿ ತೆಗೆದಿರ್ಬೇಕು."

ಸ್ವೆಯ್ನುಂಗ್ ಇನ್ನೊಮ್ಮೆ ಕೂಗಿದ. ಈ ಸಲ ಪಾತ್ರೆಯ ಕಡೆಗಲ್ಲ, ಬಾಗಿಲ ಕಡೆಗೆ. ಕಾದೆವು. ಮನೆಯಿಂದ ಮತ್ತೊಮ್ಮೆ ಬಂತು, ಮೊದಲಿಗಿಂತ ಸಣ್ಣಗೆ.

ಒಳಗೆ ಹೋದಾಗ ಹಲ್ವಾರ್ಡ್ ಬೆವರಿದ್ದ. "ಮೊದಲನೇದು ಯಾರು ಕೂಗಿದ್ದು?"

"ನಾನು."

"ಗೊತ್ತೇ ಆಗ್ಲಿಲ್ಲ," ಎಂದ. ನನ್ನನ್ನೇ ನೋಡುತ್ತಿದ್ದ. "ಇಷ್ಟು ವರ್ಷ ನಾನು ಒಬ್ನೇ ಕೂಗಿದ್ನಲ್ಲೇ."

ಜನವರಿ 26, ಭಾನುವಾರ

ಬೆಳಿಗ್ಗೆ. ಕಾಫಿ ಕುದಿಯುತ್ತಿತ್ತು. ಒಳಗೆ ಹೋದರೆ ಉಸಿರು ಇಲ್ಲ. ಕೈ ಇನ್ನೂ ಬೆಚ್ಚಗಿತ್ತು. ಬೋರ್ಗಿಲ್ ಬಂದಳು, ಪಂಪ್ ನಿಲ್ಲಿಸಿದಳು.

ಸ್ವೆಯ್ನುಂಗ್ ಬಿಯರ್ ಮನೆಯಲ್ಲೇ ಇದ್ದ. ಮನೆಗೆ ಹೋಗಿರಲಿಲ್ಲ. ಪಾತ್ರೆಗೂ ಒಂದು ಕಂಬಳಿ, ತನಗೂ ಒಂದು. ಹೇಳಿದೆ.

ಪಾತ್ರೆ ನೋಡಿದ. ಒಳಗೆ ಗುಳು ಗುಳು ಅನ್ನುತ್ತಿತ್ತು.

"ಇನ್ನೂ ಆಗಿಲ್ವಲ್ಲ," ಎಂದ.

ಮತ್ತೆ ಅದನ್ನೇ ಹೇಳಿದ, "ಆಗಿಲ್ವಲ್ಲ ಇನ್ನೂ," ನಾನು ಯಾವುದೋ ತಪ್ಪು ದಿನ ಬಂದು ಕೇಳಿದ ಹಾಗೆ.

ಆಮೇಲೆ ಒಳಗೆ ಬಂದ. ಬರಿಗೈಯಲ್ಲಿ.

ಜನವರಿ 27, ಸೋಮವಾರ, ಮಧ್ಯಾಹ್ನ

ಬಿಯರ್ ಆಗಿದೆ. ಸ್ವೆಯ್ನುಂಗ್ ಪಾತ್ರೆಗೆ ಕಿವಿ ಕೊಟ್ಟು, ಮೌನವಾಗಿದೆ ಎಂದ.

ಮೇಲೆ ಬಂದ ಹೆಪ್ಪನ್ನು ಅವನೇ ಸೌಟಿನಲ್ಲಿ ತೆಗೆದ. ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಹರಡಿದ. ಬೆರಳಿಗಂಟಿದ್ದನ್ನೂ ಬಿಡದೆ ಒರೆಸಿದ.

"ಅದ್ಯಾಕೆ ಈಗ?" ಎಂದೆ.

"ಮುಂದಿನ ಸಲಕ್ಕೆ."

"ಮುಂದಿನದು ಯಾರದು?"

"ನಿಂದೋ ನಂದೋ. ನೋಡೋಣ."

ಹೊರಗೆ ಜನ ನಿಂತಿದ್ದಾರೆ. ಬಿಯರ್ ತೆರೆಯುವ ದಿನ ಯಾರನ್ನೂ ಕರೆಯುವುದಿಲ್ಲ, ಹೊಗೆ ನೋಡಿದವರೆಲ್ಲ ತಾವಾಗಿ ಬರುತ್ತಾರೆ, ನಗುತ್ತ ಬರುತ್ತಾರೆ. ಸತ್ತ ಮನೆಗೂ ಕರೆಯುವುದಿಲ್ಲ. ಎರಡೂ ಒಟ್ಟಿಗೆ ಬಂದದ್ದರಿಂದ, ಯಾವ ಮುಖ ಹಾಕಿಕೊಳ್ಳಬೇಕೋ ತಿಳಿಯದೆ ಹಿಮದಲ್ಲಿ ಕಾಲು ಬದಲಿಸುತ್ತಿದ್ದಾರೆ. ಲೋಟಗಳನ್ನು ಬೆನ್ನ ಹಿಂದೆ ಹಿಡಿದಿದ್ದಾರೆ. ಇಂದು ಅವರಿಗೆ ಒಂದೊಂದು ಲೋಟ. ಉಳಿದದ್ದು ಶುಕ್ರವಾರಕ್ಕೆ, ಮಣ್ಣಿಗೆ. ಸಾಕಾಗುತ್ತದೆ, ಸ್ವೆಯ್ನುಂಗ್ ಎರಡು ಸಲ ಅಳೆದಿದ್ದಾನೆ.

ಮೊದಲ ಲೋಟ ಮನೆಯ ಯಜಮಾನ ಕುಡಿದು, ಹೇಗಿದೆ ಎಂದು ಹೇಳಬೇಕು. ಅವನು ಹೇಳುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಸ್ವೆಯ್ನುಂಗ್ ಲೋಟ ತುಂಬಿಸಿ ನನ್ನ ಕೈಗೆ ಕೊಟ್ಟ. ನೀನೇ ಕುಡಿ, ನೀನು ತಮ್ಮ, ಎಂದೆ. ತಲೆ ಅಲ್ಲಾಡಿಸಿದ. ಈಗ ಬಾಗಿಲ ಕಡೆ ತಿರುಗಿ ನಿಂತಿದ್ದಾನೆ, ನಾನು ಬರೆಯುವುದನ್ನು ನೋಡದ ಹಾಗೆ.

ಬಣ್ಣ ಸರಿಯಾಗಿದೆ. ವಾಸನೆ ಸರಿಯಾಗಿದೆ. ಹೇಗಿದೆ ಎಂದು ಅವರಿಗೆ ಹೇಳುವ ಮೊದಲು ಇಲ್ಲಿ ಬರೆದುಬಿಡುತ್ತೇನೆ, ಹೊರಗೆ ಹೋದರೆ ಮಾತು ಬರುತ್ತದೋ ಇಲ್ಲವೋ.

ಕುಡಿದೆ. ಇದು ಗಟ್ಟಿಯಾಗಿದೆ, ನಮ್ಮನೆಯದೇ.